ಹುಲುಗಪ್ಪನವರ ಕಣ್ಣು ಮತ್ತು ನನ್ನ ನಾಲ್ಕು ದೀಪ

ಡ್ರೈವರ್ ಹುಲುಗಪ್ಪನವರ ಎರಡೂ ಕಣ್ಣು ಕಳೆದವನು ನಾನೇ. ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಒಪ್ಪಿಕೊಂಡುಬಿಡುವುದು ವಾಸಿ. ಗಾಬರಿಯಾಗಬೇಡಿ, ಆ ಕಣ್ಣುಗಳು ಈಗಲೂ ಅವರ ಮುಖದಲ್ಲೇ ಇವೆ, ನನ್ನನ್ನು ಕಂಡರೆ ಇನ್ನಷ್ಟು ಅಗಲವೂ ಆಗುತ್ತವೆ. ಆದರೆ ಗಣಿಯ ಗದ್ದಲದ ಕಾಲದಲ್ಲಿ ಒಂದು ಹದಿನೈದು ದಿನ ಅವರಿಗೆ ಕಣ್ಣು ಕಾಣುವುದಿಲ್ಲವೆಂದು ಇಡೀ ಕಂಪನಿ ನಂಬಿತ್ತು. ಅದಕ್ಕೆ ಕಾರಣ ಎರಡು: ಅವರ ಜೀಪಿಗೆ ನಾನು ಕೂರಿಸಿದ ದೀಪ, ಮತ್ತು ಅವರ ಹಾಗೆ ನಾನು ಆಡಿ ತೋರಿಸಿದ ಆಟ. ದೀಪಕ್ಕೆ ಕೂಲಿ ಸಿಕ್ಕಿತು. ಆಟ ಪುಕ್ಕಟೆ.

ನಾನು ನಿವೃತ್ತ ಆಟೋ ಎಲೆಕ್ಟ್ರಿಷಿಯನ್. ಹಾಗೆಂದರೆ ಜನ ನನ್ನ ಕಪ್ಪು ತಲೆಗೂದಲು ನೋಡಿ ನಗುತ್ತಾರೆ. ಏನು ಮಾಡುವುದು, ಗಣಿ ನಿಂತಿತು, ಜೀಪುಗಳು ನಿಂತವು, ನನಗೆ ಮೂವತ್ತು ತುಂಬುವುದರೊಳಗೆ ನಿವೃತ್ತಿಯೂ ಬಂತು. ಶಾಲು, ಹಾರ, ಗೋಡೆ ಗಡಿಯಾರ ಯಾವುದೂ ಬರಲಿಲ್ಲ. ಈಗ ಕಡ್ಡಿರಾಂಪುರದ ರಸ್ತೆಬದಿಯಲ್ಲಿ ಮಿರ್ಚಿ ಬಜಿ ಕರಿಯುತ್ತೇನೆ. ಹಂಪಿಗೆ ಹೋಗುವ ಜೀಪುಗಳು ಅಂಗಡಿಯೆದುರು ನಿಲ್ಲುತ್ತವೆ. ಅವುಗಳ ನೆತ್ತಿಯ ಮೇಲೆ ಹೊಸ ಬಗೆಯ ಎಲ್‌ಇಡಿ ಪಟ್ಟಿಗಳನ್ನು ಕಂಡರೆ ನನ್ನ ಜಾಲರಿ ಸೌಟು ಗಾಳಿಯಲ್ಲೇ ನಿಂತುಬಿಡುತ್ತದೆ. ಗಾಡಿ ದೀಪದ ಕಸುಬಿಗೆ ಹೊಸದಾಗಿ ಇಳಿದವರು ಬಜಿ ತಿನ್ನುತ್ತಾ, "ಅಣ್ಣಾ, ಯಾವ್ ಲೈಟ್ ಹಾಕಿದ್ರ ಚಲೋ?" ಎಂದು ಕೇಳುತ್ತಾರೆ. ಎಣ್ಣೆ ಕಾಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ಗುರುಗಳು ಗೌಸ್ ಉಸ್ತಾದ್. ತೆಳ್ಳಗಿನ ಮನುಷ್ಯ, ಮಾತಾಡುವಾಗ ಬಾಯಿಯಲ್ಲಿ ಸದಾ ಒಂದು ವೈರಿನ ತುಂಡು ಇರುತ್ತಿತ್ತು. ಹಾಗಾಗಿ ಅವರ ಬೈಗುಳಗಳೆಲ್ಲ ಹಲ್ಲಿನ ಸಂದಿಯಿಂದ ಸೋಸಿ ಬರುತ್ತಿದ್ದವು. ನನಗೆ ಯಾರ ದನಿ ಕೇಳಿದರೂ ಅಣಕಿಸಲು ನಾಲಿಗೆ ತುರಿಸುತ್ತದೆ. ಶೆಡ್ಡಿಗೆ ಸೇರಿದ ಮೂರನೆಯ ದಿನವೇ ಬಾಯಿಯಲ್ಲಿ ವೈರು ಕಚ್ಚಿಕೊಂಡು, "ಅರೆ ಸೈತಾನ, ರಿಲೇ ಹಾಕದ ಲೈಟ್ ಹಾಕ್ತಿಯೇನಲೇ" ಎಂದು ನನಗೆ ನಾನೇ ಬೈದುಕೊಂಡೆ. ಹಿಂದೆ ನಿಂತಿದ್ದ ಉಸ್ತಾದ್ ಪೂರ್ತಿ ಕೇಳಿಸಿಕೊಂಡು ಹೇಳಿದರು: "ದನಿ ಬರೋಬ್ಬರಿ ಐತಿ. ರಿಲೇ ಎಲ್ಲೈತಿ?"

ರಿಲೇ ನಿಜವಾಗಿಯೂ ಹಾಕಿರಲಿಲ್ಲ. ದೊಡ್ಡ ದೀಪದ ಕರೆಂಟು ನೇರವಾಗಿ ಸಣ್ಣ ಸ್ವಿಚ್ಚಿನಲ್ಲಿ ಹರಿದರೆ ಸ್ವಿಚ್ಚು ಕರಗುತ್ತದೆ. ರಿಲೇ ಇದ್ದರೆ ಸ್ವಿಚ್ಚು ಬರೀ ಸನ್ನೆ ಮಾಡುತ್ತದೆ, ಭಾರ ಹೊರುವುದು ರಿಲೇ. ಉಸ್ತಾದರ ಮತ್ತು ನನ್ನ ಸಂಬಂಧವೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

ಆ ಶೆಡ್ಡಿನಲ್ಲಿ ಒಂದು ಪದಕ್ಕೆ ನಿಷೇಧವಿತ್ತು: 'ಸ್ಪಾಟ್'. ಪೇಟೆಯಲ್ಲೆಲ್ಲ ಸ್ಪಾಟ್ ಲೈಟ್ ಎನ್ನುತ್ತಾರೆ, ಡಬ್ಬಿಯ ಮೇಲೂ ಅದೇ ಅಚ್ಚಾಗಿರುತ್ತದೆ. ಆದರೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಅದಿರು ರಸ್ತೆಯಲ್ಲಿ ಆ ಪದಕ್ಕೆ ಒಂದೇ ಅರ್ಥ. "ನಿನ್ನೆ ಜೈಸಿಂಗಪುರದ ತಿರುವಿನಾಗ ಒಬ್ಬಾತ ಸ್ಪಾಟಾದ" ಎಂದರೆ ಆಸ್ಪತ್ರೆಗೆ ಒಯ್ಯುವ ಕೆಲಸವೇ ಉಳಿಯಲಿಲ್ಲ ಎಂದು. ಲಾರಿ ಸಾಲುಗಟ್ಟಿ ಓಡುತ್ತಿದ್ದ ಆ ವರ್ಷಗಳಲ್ಲಿ ಈ ಮಾತನ್ನು ವಾರಕ್ಕೊಮ್ಮೆ ಕೇಳುತ್ತಿದ್ದೆವು. ಒಮ್ಮೆ ನಾನು ಹುಲುಗಪ್ಪನವರ ಹೆಂಡತಿ ತಿಪ್ಪಮ್ಮನವರೆದುರು, "ನಿಮ್ಮ ಯಜಮಾನರಿಗೆ ಎರಡು ಸ್ಪಾಟ್ ಬರೆದಿಡ್ಲೇನ್ರಿ?" ಎಂದುಬಿಟ್ಟೆ. ಆಕೆ ತಂದಿದ್ದ ಬುತ್ತಿಯನ್ನು ಸೊಂಟಕ್ಕೆ ಒತ್ತಿಕೊಂಡು, "ನಿನ್ನ ಬಾಯಾಗ ನನ್ನ ಕೆರಾ ಬರದಿಡ್ಲೇನಲೇ?" ಎಂದರು. ಅಂದಿನಿಂದ ನಮ್ಮಲ್ಲಿ ದೀಪಕ್ಕೆ ಎರಡೇ ಜಾತಿ: ಉದ್ದಂದು, ಅಗಲಂದು.

ನಿಜ ಹೇಳಬೇಕೆಂದರೆ ಅದಕ್ಕಿಂತ ಒಳ್ಳೆಯ ಹೆಸರು ಯಾವ ಕಂಪನಿಯೂ ಇಟ್ಟಿಲ್ಲ. ಗಾಜು ನುಣುಪಾಗಿದ್ದರೆ ಸಾಮಾನ್ಯವಾಗಿ ಉದ್ದಂದು: ಬೆಳಕು ಕೋಲಿನಂತೆ ದೂರ ಹೋಗುತ್ತದೆ, ಅಕ್ಕಪಕ್ಕ ಕತ್ತಲೆ. ಗಾಜಿನ ಮೇಲೆ ಉದ್ದುದ್ದ ಗೀರುಗಳಿದ್ದರೆ ಅಗಲಂದು: ಬೆಳಕು ಚಾಪೆ ಹಾಸಿದಂತೆ ಹತ್ತಿರದಲ್ಲೇ ಹರಡುತ್ತದೆ. ಗಿರಾಕಿಗಳು ಮಾತ್ರ ಯಾವಾಗಲೂ ಉದ್ದಂದನ್ನೇ ಕೇಳುತ್ತಿದ್ದರು. ಗಂಡಸರಿಗೆ ತಮ್ಮ ಬೆಳಕು ಎಷ್ಟು ದೂರ ಹೋಗುತ್ತದೆ ಎನ್ನುವುದರಲ್ಲಿ ಏನೋ ಒಂದು ಹುಚ್ಚು.

ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರಿದ್ದರು, ವೀರಭದ್ರಪ್ಪನವರು. ಹೊಸ ಫೋರ್ ವ್ಹೀಲ್ ಗಾಡಿ ತಂದರು, ಪೇಟೆಯಲ್ಲೇ ಅತಿ ಉದ್ದದ ಬೆಳಕು ಬೇಕೆಂದರು. ಅವರು ಓಡಾಡುವುದು ಕಾಲುವೆ ಏರಿಯ ಮೇಲೆ, ಗದ್ದೆಗಳಿಗೆ, ಬರೀ ತಿರುವು. ನಾನು ಅದನ್ನು ಕೇಳಲೇ ಇಲ್ಲ, ಕೂರಿಸಿಕೊಟ್ಟೆ. ವಾರ ಬಿಟ್ಟು ಬಂದರು. "ಏನೋ ತಮ್ಮ, ನಿನ್ನ ಲೈಟ್ ಭಾಳ ಮಸ್ತ್ ಅದಾವು. ಹೊಳಿ ದಾಟಿ ಗಂಗಾವತಿ ಕಡೀ ಮನಿ ಬಾಗ್ಲಾ ಕಾಣ್ತಾವು. ನನ್ನ ಗಾಲಿ ಮುಂದಿನ ತೆಗ್ಗು ಕಾಣವಲ್ದು." ಉದ್ದದವನ್ನು ಬಿಚ್ಚಿ ಅಗಲದವನ್ನು ಹಾಕಿದೆ. ಆದ್ದರಿಂದ ಈ ಕಸುಬಿನವರು ಗಿರಾಕಿಯನ್ನು ಮೊದಲು ಕೇಳಬೇಕಾದದ್ದು ಯಾವ ದೀಪ ಬೇಕೆಂದಲ್ಲ, ಯಾವ ದಾರಿ ಎಂದು. ಇದು ನನಗೆ ಅಂದೇ ತಲೆಗೆ ಹೋಗಿದ್ದರೆ ಮುಂದಿನದು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಉಸ್ತಾದರ ಬಳಿ ದಾರಿ ಕೇಳುವುದಕ್ಕೂ ಮೇಲಿನದೊಂದು ಪದ್ಧತಿಯಿತ್ತು. ಶೆಡ್ಡಿನ ಮೂಲೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಸಂಡೂರು ರಸ್ತೆಯಿಂದ ಗೋರಿ ತಂದ ಕೆಂಪು ಅದಿರಿನ ಧೂಳು, ಮೈದಾಹಿಟ್ಟಿನಷ್ಟು ನಯ. ಗಣಿ ಕಡೆಯ ಗಾಡಿ ಬಂದರೆ ಶೆಟರ್ ಇಳಿಸಿ ಕತ್ತಲು ಮಾಡುತ್ತಿದ್ದರು. ದೀಪವನ್ನು ಒಮ್ಮೆ ಮೇಲೆ ಹಿಡಿದು, ಒಮ್ಮೆ ಬಂಪರಿನ ಮಟ್ಟಕ್ಕೆ ಹಿಡಿದು, ಎದುರಿಗೆ ಒಂದು ಹಿಡಿ ಧೂಳು ತೂರಿ, ಡ್ರೈವರ್ ಸೀಟಿನಲ್ಲಿ ಕೂತು ನೋಡುತ್ತಿದ್ದರು. ಧೂಳಿನಲ್ಲಿ ಕಂಡದ್ದೇ ಬೆಳಕು, ಉಳಿದದ್ದು ಅಂಗಡಿಯ ಶೋಕಿ, ಎನ್ನುವುದು ಅವರ ನಂಬಿಕೆ. ನನಗೆ ಅದು ತಮಾಷೆ. ಅವರು ಊಟಕ್ಕೆ ಹೋದಾಗ ಹೆಗಲಿಗೆ ಟವೆಲು ಹಾಕಿಕೊಂಡು, ಡಬ್ಬಿ ಹಿಡಿದು, ಬಂದವರ ಹಣೆಗೆಲ್ಲ ಗುಡಿಯ ಭಂಡಾರದಂತೆ ಕೆಂಧೂಳು ಹಚ್ಚಿ ಆಶೀರ್ವಾದ ಮಾಡುತ್ತಿದ್ದೆ.

ಇನ್ನು ಹುಲುಗಪ್ಪನವರು. ಇಪ್ಪತ್ತು ವರ್ಷಕ್ಕೂ ಮೇಲೆ ಸಂಡೂರಿನ ಗುಡ್ಡಗಳಲ್ಲಿ ಜೀಪು ಓಡಿಸಿದವರು. ಅವರು ಓಡಿಸುತ್ತಿದ್ದುದು ಒಂದು ಗಣಿ ಕಂಪನಿಯ ಜೀಪು; ಕಲ್ಲು ಪರೀಕ್ಷೆ ಮಾಡುವ ಎಂಜಿನಿಯರುಗಳನ್ನು ಸೂರ್ಯ ಹುಟ್ಟುವ ಮೊದಲೇ ಗುಡ್ಡಕ್ಕೆ ಹತ್ತಿಸುವುದು ಕೆಲಸ. ಜೀಪಿನ ಕೀಲಿಗೆ ಹುಲಿಗೆಮ್ಮನ ಗುಡಿಯ ಕೆಂಪು ದಾರ ಕಟ್ಟಿ ಅಂಗಿಯ ಎಡಜೇಬಿನಲ್ಲಿ ಇಡುತ್ತಿದ್ದರು. ಊಟ ಮಾಡುವಾಗಲೂ ಆಗಾಗ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು, ಎದೆ ಬಡಿಯುತ್ತಿದೆಯೇ ಎಂದು ನೋಡಿಕೊಂಡಂತೆ.

ಒಂದು ಮಧ್ಯಾಹ್ನ ಆ ಜೀಪಿನಲ್ಲಿ ಕಂಪನಿಯ ಮ್ಯಾನೇಜರ್ ಶ್ರೀಪಾದರಾಯರೂ ಬಂದಿಳಿದರು. ಇಸ್ತ್ರಿ ಅಂಗಿ, ಪ್ರತಿ ಮಾತಿಗೂ ಎತ್ತಿದ ಒಂದು ಬೆರಳು, "ಪಾಯಿಂಟ್ ನೋಟ್ ಮಾಡ್ಕೋ" ಎನ್ನುವ ತಾಳ. ನನ್ನಂಥವನಿಗೆ ಹಬ್ಬದೂಟ. ಉಸ್ತಾದ್ ಅಂದು ಟಿ.ಬಿ. ಡ್ಯಾಮಿಗೆ ಯಾವುದೋ ಗಾಡಿ ನೋಡಲು ಹೋಗಿದ್ದರು, ಶೆಡ್ಡಿಗೆ ನಾನೇ ರಾಜ.

ರಾಯರು ಬೆರಳೆತ್ತಿ ಹೇಳಿದರು: "ಟಾಪ್ ಮೇಲೆ ನಾಲ್ಕು ಸ್ಪಾಟ್ ಹಾಕು. ದೊಡ್ಡವು, ಬಿಳೀವು. ಪಾಯಿಂಟ್ ನೋಟ್ ಮಾಡ್ಕೋ, ವಿಸಿಟರ್ಸ್ ಬಂದಾಗ ಗಾಡಿ ಗಾಡಿ ಥರ ಕಾಣಬೇಕು."

'ಸ್ಪಾಟ್' ಎಂದ ಕೂಡಲೇ ಹುಲುಗಪ್ಪನವರು ಜೇಬು ಮುಟ್ಟಿಕೊಂಡರು. "ಸಾಹೇಬ್ರ, ಮ್ಯಾಲ ಬ್ಯಾಡ್ರಿ. ಧೂಳಿನಾಗ ಬೆಳಕು ಮ್ಯಾಲಿಂದ ಬಂದ್ರ ಕಣ್ಣಿಗೆ ಹೊಡೀತೈತಿ. ಕೆಳಗ ಎಲ್ಡು ಸಣ್ಣವು ಸಾಕು."

"ನೀನು ಓಡಿಸೋನು, ನೋಡೋರು ಬೇರೆ," ಎಂದರು ರಾಯರು.

ಈ ಮಾತು ಎಷ್ಟು ಸೊಗಸಾದ ಮೂರ್ಖತನ ಎಂದು ಈಗ ಅನ್ನಿಸುತ್ತದೆ. ಅಂದು ನಾನು ತಲೆಯಾಡಿಸಿದೆ. ಉಸ್ತಾದರ ಡಬ್ಬಿಯನ್ನು ತೆರೆಯಲೂ ಇಲ್ಲ. ನಾಲ್ಕು ಬಿಳಿ ದೀಪ, ಎಲ್ಲವೂ ಉದ್ದಂದು, ನೆತ್ತಿಯ ಮೇಲೆ. ರಿಲೇ ಹಾಕಿದೆ, ಫ್ಯೂಸು ಹಾಕಿದೆ, ವೈರು ದಪ್ಪದ್ದೇ ಎಳೆದೆ. ಕೆಲಸ ಅಚ್ಚುಕಟ್ಟು, ತಪ್ಪಿದ್ದು ಬುದ್ಧಿ ಮಾತ್ರ.

ಕೆಲಸ ನಡೆಯುವಾಗ ಹುಲುಗಪ್ಪನವರು ದೀಪದ ಡಬ್ಬಿಯನ್ನು ಕೈಚಾಚಿ ದೂರ ಹಿಡಿದು, ಕತ್ತು ಹಿಂದೆ ಎಳೆದು, ಅದರ ಮೇಲಿನ ಸಣ್ಣ ಅಕ್ಷರ ಓದಲು ಪ್ರಯತ್ನಿಸುತ್ತಿದ್ದರು. ನಲವತ್ತೈದು ದಾಟಿದ ಎಲ್ಲರೂ ಹೀಗೇ ಓದುವುದು. ನನ್ನ ನಾಲಿಗೆ ತುರಿಸಿತು. ಅವರು ಚಹಾ ಕುಡಿಯಲು ಹೊರಗೆ ಹೋದದ್ದೇ ತಡ, ಆಟ ಶುರು. ಡಬ್ಬಿಯನ್ನು ದೂರ ಹಿಡಿದೆ, ಇನ್ನೂ ದೂರ, ಕೊನೆಗೆ ನೆಲದ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಹೋಗಿ ಓದಿದೆ. ಕೈಚಾಚಿ ಗೋಡೆ ತಡವುತ್ತಾ ನಡೆದೆ. ಶೆಡ್ಡಿನ ಕಬ್ಬಿಣದ ಕಂಬಕ್ಕೆ ಡಿಕ್ಕಿ ಹೊಡೆದು, ಕೈಮುಗಿದು, ಹುಲುಗಪ್ಪನವರ ದಪ್ಪ ದನಿಯಲ್ಲಿ, "ನಮಸ್ಕಾರ್ರಿ ಸಾಹೇಬ್ರ, ಭಾಳ ಸಣ್ಣಾಗೀರಿ!" ಎಂದೆ. ಪಕ್ಕದ ಟೈರ್ ಅಂಗಡಿಯವರು ಹೊಟ್ಟೆ ಹಿಡಿದು ನಕ್ಕರು. ತಿರುಗಿ ನೋಡಿದರೆ ಶ್ರೀಪಾದರಾಯರು. ನಗಲಿಲ್ಲ, ಬೈಯಲೂ ಇಲ್ಲ. ಬಹುಶಃ ಪಾಯಿಂಟ್ ನೋಟ್ ಮಾಡಿಕೊಂಡರು.

ದೀಪ ಕೂರಿಸಿ ಹತ್ತು ದಿನವಾಗಿತ್ತು. ಬೆಳಗಿನ ಜಾವ, ಗುಡ್ಡದ ರಸ್ತೆ, ಮುಂದೆ ಅದಿರು ಲಾರಿಗಳ ಸಾಲು, ಅವು ಎಬ್ಬಿಸಿದ ಧೂಳು. ಮೂಡಣ ಬೆಳ್ಳಗಾಗುವ ಮುಂಚಿನ ಮಬ್ಬಿನಲ್ಲಿ ಪಕ್ಕದಲ್ಲಿದ್ದ ಎಂಜಿನಿಯರು, "ಅಷ್ಟು ದೊಡ್ಡ ಲೈಟ್ ಇದಾವಲ್ಲ, ಹಾಕ್ರಿ" ಎಂದರಂತೆ. ಹುಲುಗಪ್ಪನವರು ಹಾಕಿದರು. ಅಷ್ಟೇ. ಎದುರಿಗೆ ರಸ್ತೆಯ ಬದಲು ಕೆಂಪು ಗೋಡೆ ಎದ್ದು ನಿಂತಿತು. ಆರಿಸುವಷ್ಟರಲ್ಲಿ ಎಡಗಾಲಿ ಮೋರಿಗೆ ಇಳಿದು ಜೀಪು ವಾಲಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಚೀಲದಲ್ಲಿದ್ದ ಕಲ್ಲಿನ ಮಾದರಿಗಳು ಚೆಲ್ಲಾಡಿದವು, ದೀಪದ ಕಂಬಿ ಸೊಟ್ಟಗಾಯಿತು.

ಏನಾಯಿತೆಂದು ರಾಯರು ಕೇಳಿದಾಗ ಹುಲುಗಪ್ಪನವರು ಇದ್ದದ್ದನ್ನೇ ಹೇಳಿದರು: "ಕಾಣ್ಲಿಲ್ರಿ."

ಆ ಒಂದು ಮಾತು ಸಾಕಾಯಿತು. ಕಾಣಲಿಲ್ಲ ಎಂದರೆ ಕಣ್ಣು ಹೋಗಿದೆ. ಜೀಪಿನಿಂದ ಇಳಿಸಿ ಅವರನ್ನು ಗೇಟಿಗೆ ಹಾಕಿದರು. ಲಾರಿ ನಂಬರು ಕೇಳಿ ಗುಮಾಸ್ತನಿಗೆ ಕೂಗಿ ಹೇಳುವ ಕೆಲಸ, ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ. ತಿಪ್ಪಮ್ಮನವರು ಗಂಡನನ್ನು ಹೊಸಪೇಟೆಯ ಕಣ್ಣಿನ ಡಾಕ್ಟರಲ್ಲಿಗೆ ಎಳೆದೊಯ್ದರು. ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ, ಪೇಪರು ಓದಲಿಕ್ಕೆ ಮಾತ್ರ ಒಂದು ಚಸ್ಮಾ ಸಾಕು ಎಂದು ಡಾಕ್ಟರು ಬರೆದುಕೊಟ್ಟರು. ಹುಲುಗಪ್ಪನವರು ಚೀಟಿಯ ಜೊತೆಗೆ ಚಸ್ಮಾವನ್ನೂ ತೋರಿಸಿದರು. ರಾಯರು ಚೀಟಿ ಓದಲೇ ಇಲ್ಲ, ಆಫೀಸಿನವರ ಕಡೆ ತಿರುಗಿದರು. "ನೋಡಿ, ಚಸ್ಮಾನೇ ಕೊಟ್ಟಿದಾರೆ! ಅಲ್ಲದೆ ಆ ಲೈಟ್ ಹಾಕೋನೇ ತೋರಿಸಿದ್ನಲ್ಲ, ಕಂಬಕ್ಕೆ ನಮಸ್ಕಾರ ಮಾಡೋದನ್ನ."

ಈ ಮಾತನ್ನು ನನಗೆ ತಂದು ಮುಟ್ಟಿಸಿದ್ದು ತಿಪ್ಪಮ್ಮನವರು. ಈ ಸಲ ಕೆರದ ಮಾತಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು, "ಚಲೋ ನಗಿಸಿದೆಪ್ಪಾ. ಮನಿಯಾಗ ಈಗ ಯಾರೂ ನಗವಲ್ರು. ಕೀಲಿ ಇಲ್ಲದ ಜೇಬು ಮುಟ್ಟಿ ಮುಟ್ಟಿ ನೋಡ್ಕೋತಾರ, ಆ ಗೇಟಿನಾಗ ಕುಂತು" ಎಂದರು. ಹೋದರು.

ಮರುದಿನವೇ ರಾಯರ ಆಫೀಸಿಗೆ ಹೋಗಿ ತಪ್ಪು ನನ್ನದೆಂದು ಹೇಳಿದೆ. ದೀಪ ತಪ್ಪು, ಜಾಗ ತಪ್ಪು, ಆಟ ಸುಳ್ಳು. ಮಿಮಿಕ್ರಿಯವನ ಕಷ್ಟ ಆಗ ಗೊತ್ತಾಯಿತು. ಕೈಕಟ್ಟಿ ನಿಂತು ಸತ್ಯ ಹೇಳುತ್ತಿದ್ದರೆ ರಾಯರು ತುಟಿಯಂಚಿನಲ್ಲಿ ನಕ್ಕು ಕೇಳಿದರು: "ಚೆನ್ನಾಗಿದೆ. ಇದು ಯಾರ ದನಿ?"

ಉಸ್ತಾದರ ಮುಂದೆ ಅತ್ತುಬಿಟ್ಟೆ. ಅವರು ವೈರನ್ನು ಬಾಯಿಂದ ತೆಗೆದರು. ಅವರು ವೈರು ತೆಗೆದು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಬಾಯಿಲೆ ಕೆಡಸಿದ್ದನ್ನ ಬಾಯಿಲೆ ರಿಪೇರಿ ಮಾಡಾಕ ಬರಂಗಿಲ್ಲ. ಡಬ್ಬಿ ತಗಿ."

ವಾಲಿದ ಜೀಪು ಕಂಬಿ ನೆಟ್ಟಗೆ ಮಾಡಿಸಲು ನಮ್ಮ ಶೆಡ್ಡಿಗೇ ಬಂದಿತ್ತು. ಕಂಬಿ ಸರಿ ಮಾಡಿ ನಾಲ್ಕು ದೀಪ ಮತ್ತೆ ಕೂರಿಸಿದೆವು. ಜೊತೆಗೆ ಯಾರೂ ಕೇಳದೆಯೇ ಬಂಪರಿನ ಕೆಳಗೆ ಎರಡು ಅಗಲದ ದೀಪ, ಹಳದಿ ಬೆಳಕಿನವು. (ಹಳದಿ ಬಣ್ಣದ ಮಹಿಮೆ ಎಷ್ಟು, ತಗ್ಗಿನಲ್ಲಿ ಕೂರಿಸುವುದರ ಮಹಿಮೆ ಎಷ್ಟು ಎಂದು ಎಲೆಕ್ಟ್ರಿಷಿಯನ್ನರು ಇಂದಿಗೂ ಜಗಳವಾಡುತ್ತಾರೆ. ನನ್ನ ಮತ ತಗ್ಗಿಗೆ. ಬೆಳಕು ಕಣ್ಣಿನ ಹತ್ತಿರದಿಂದ ಹೊರಟರೆ ಧೂಳಿಗೆ ಬಡಿದು ನೇರ ಕಣ್ಣಿಗೇ ವಾಪಸ್ಸು ಬರುತ್ತದೆ. ಕೆಳಗಿನಿಂದ, ಗಾಲಿಯ ಮಟ್ಟದಿಂದ ಹೊರಟರೆ ಧೂಳಿನ ಅಡಿಯಲ್ಲಿ ನುಸುಳಿ ನೆಲ ತೋರಿಸುತ್ತದೆ. ಎಲ್‌ಇಡಿ ಪಟ್ಟಿಯವರೇ, ಇದು ನಿಮಗೂ ಅನ್ವಯಿಸುತ್ತದೆ.)

ಜೀಪನ್ನು ಬೇರೆ ಡ್ರೈವರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಗಾಡಿ ಒಮ್ಮೆ ನೋಡಿ ಒಯ್ಯಲು ರಾಯರೇ ಬಂದರು, ಮಧ್ಯಾಹ್ನ ಊಟದ ಹೊತ್ತಿಗೆ. ಅದೇ ಕೆಂಪು ದಾರ ಕಟ್ಟಿದ್ದ ಜೀಪಿನ ಇನ್ನೊಂದು ಕೀಲಿ ಮನೆಯಲ್ಲಿ ಉಳಿದಿತ್ತೆಂದು, ಅದನ್ನು ಒಪ್ಪಿಸಲು ಹುಲುಗಪ್ಪನವರಿಗೂ ಅಲ್ಲಿಗೇ ಬರಹೇಳಿದ್ದರು. ಅವರು ಗೇಟಿನಿಂದ ನೇರ ಬಂದಿದ್ದರು, ಹುಬ್ಬಿನ ಮೇಲೆಲ್ಲ ಕೆಂಧೂಳು. ನನ್ನನ್ನು ನೋಡಲಿಲ್ಲ.

ಉಸ್ತಾದ್ ಕೈಮುಗಿದು, "ಸಾಹೇಬ್ರ, ಹತ್ತ ಮಿನಿಟು ಸೀಟಿನಾಗ ಕುಂದ್ರಿ. ಲೈಟ್ ಹೆಂಗ್ ಬೀಳ್ತಾವ ನೀವ ನೋಡಿ ಒಯ್ರಿ" ಎಂದು ರಾಯರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಶೆಟರ್ ಇಳಿಸಿದೆ, ಸಂದಿಗಳಿಗೆ ಗೋಣಿಚೀಲ ತುರುಕಿದೆ. ಹಗಲು ಹೊರಗುಳಿಯಿತು. ನೆತ್ತಿಯ ನಾಲ್ಕು ದೀಪ ಹೊತ್ತಿದವು. ಎದುರು ಗೋಡೆ ಸುಣ್ಣ ಬಳಿದಂತಾಯಿತು.

ರಾಯರಿಗೆ ಖುಷಿ. "ನೋಡು, ಗೋಡೆ ಮೇಲಿನ ಹಲ್ಲಿ ಕೂಡ ಕಾಣ್ತಿದೆ. ಇದರಲ್ಲೂ ಕಾಣಲಿಲ್ಲ ಅನ್ನೋನಿಗೆ ಏನು ಹೇಳೋಣ? ಪಾಯಿಂಟ್ ನೋಟ್ ಮಾಡ್ಕೋ."

ಉಸ್ತಾದ್ ಹುಲುಗಪ್ಪನವರ ಹೆಗಲು ಹಿಡಿದು ಕರೆದುಕೊಂಡು ಹೋಗಿ ಜೀಪಿನ ಮುಂದೆ ನಾಲ್ಕೇ ಹೆಜ್ಜೆ ದೂರದಲ್ಲಿ ನಿಲ್ಲಿಸಿದರು. ನನಗೆ ಕಣ್ಸನ್ನೆ ಮಾಡಿದರು. ನಾನು ಟೇಬಲ್ ಫ್ಯಾನು ಹಚ್ಚಿ ಡಬ್ಬಿಯನ್ನು ಪೂರ್ತಿ ಅದರ ಮುಂದೆ ಬೋರಲು ಹಾಕಿದೆ. ಒಂದು ಹಿಡಿ ಸಾಕಾಗಿತ್ತು, ಆದರೆ ನನ್ನ ತಪ್ಪು ಡಬ್ಬಿಯಷ್ಟೇ ದೊಡ್ಡದಿತ್ತು.

ಕೆಂಧೂಳು ಎದ್ದು ಬೆಳಕಿಗೆ ಸಿಕ್ಕಿತು. ಸಂಡೂರಿನ ಆ ಬೆಳಗಿನ ಜಾವವೇ ಚಿತ್ತವಾಡ್ಗಿಯ ಶೆಡ್ಡಿಗೆ ಬಂದು ನಿಂತಂತಾಯಿತು. ಒಳಗಿನಿಂದ ರಾಯರು ಕೆಮ್ಮಿದರು. "ಏಯ್, ಏನಿದು! ಬರೀ ಕೆಂಪು!"

"ಎದುರಿಗೆ ಏನೈತಿ ಹೇಳ್ರಿ ಸಾಹೇಬ್ರ," ಎಂದರು ಉಸ್ತಾದ್.

"ಏನೂ ಇಲ್ಲ."

"ಹುಲುಗಪ್ಪ ಎಲ್ಲಿ ಅದಾನ್ರಿ?"

"ಪಕ್ಕಕ್ಕೆ ಸರಿದಿರಬೇಕು."

ಉಸ್ತಾದ್ ಕಿಟಕಿಯಿಂದ ಕೈಹಾಕಿ ಮೇಲಿನ ದೀಪ ಆರಿಸಿ ಕೆಳಗಿನ ಹಳದಿ ದೀಪ ಹೊತ್ತಿಸಿದರು. ಧೂಳು ಅಲ್ಲೇ ಇತ್ತು, ಕೆಂಪು ಗೋಡೆ ಮಾತ್ರ ಇಲ್ಲವಾಯಿತು. ಮೊದಲು ಎರಡು ಚಪ್ಪಲಿ ಕಂಡವು. ಆಮೇಲೆ ಖಾಕಿ ಪ್ಯಾಂಟು. ಆಮೇಲೆ ದಾರ ಕಟ್ಟಿದ ಕೀಲಿ ಹಿಡಿದ ಕೈ. ಬಾನೆಟ್ಟಿನಿಂದ ಅದೇ ನಾಲ್ಕು ಹೆಜ್ಜೆ ದೂರದಲ್ಲಿ ಹುಲುಗಪ್ಪನವರು ಅಲ್ಲಾಡದೆ ನಿಂತಿದ್ದರು.

ರಾಯರು ಸ್ಟೀರಿಂಗ್ ಹಿಡಿದುಕೊಂಡೇ ಮುಂದಕ್ಕೆ ಬಗ್ಗಿದರು. ಎತ್ತಿದ ಬೆರಳು ಕೆಳಗಿಳಿದಿತ್ತು. "ಅಲ್ಲೇ ಇದ್ಯಾ ಹುಲುಗಪ್ಪಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಕಾಣಲಿಲ್ಲ" ಎಂದರು.

ಹುಲುಗಪ್ಪನವರು ಕೀಲಿಯನ್ನು ಎಡಜೇಬಿಗೆ ಇಳಿಸಿ, ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು ಹೇಳಿದರು:

"ಹಂಗಾರ ಗೇಟಿನಾಗ ಎಲ್ಡು ಕುರ್ಚಿ ಹಾಕಸ್ರಿ, ಸಾಹೇಬ್ರ."